ನಿಮ್ಮ ಕಚೇರಿಯ ಮೂಲೆಯಲ್ಲಿರುವ ಬಾಣಂತಿ

ಯಲಹಂಕ, ೯ ಮಾರ್ಚ್ ೧೯೬೪

ಜಪ್ತಿ ಮಾಲಿನ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಫೆಬ್ರವರಿ ೧೬ರ ಭಾನುವಾರ ನಮ್ಮೂರಿನ ವಾಚನಾಲಯದ ಗೋಡೆಯಿಂದ ನಿಮ್ಮ ಸಿಬ್ಬಂದಿ ಇಳಿಸಿಕೊಂಡು ಹೋದ ಎಣ್ಣೆಬಣ್ಣದ ಚಿತ್ರ ಇವತ್ತಿಗೂ ನಿಮ್ಮ ಕಚೇರಿಯಲ್ಲಿದೆ. ಅದರಲ್ಲಿರುವ ಬತ್ತಲೆ ಹೆಂಗಸನ್ನು ಚಿತ್ರಕಾರನು ಮಾರ್ಚ್ ೧೮ರೊಳಗೆ ಖುದ್ದಾಗಿ ಹಾಜರುಪಡಿಸದಿದ್ದರೆ ಚಿತ್ರವನ್ನು ಸುಡಲಾಗುವುದು ಎಂದು ನೀವು ನೋಟೀಸು ಹೊರಡಿಸಿದ್ದೀರಿ. ಇನ್ನು ಒಂಬತ್ತು ದಿನ ಉಳಿದಿದೆ. ಎರಡು ಅರ್ಜಿ ಕೊಟ್ಟದ್ದಾಯಿತು. ಎರಡಕ್ಕೂ ಬಂದ ಉತ್ತರ, ಹೆಂಗಸನ್ನು ಕರೆತನ್ನಿ ಎಂಬುದೊಂದೇ. ಆದ್ದರಿಂದ ಮೂರನೆಯದನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಪತ್ರಿಕೆಯನ್ನಾದರೂ ನಿಮ್ಮ ಕಚೇರಿಯಲ್ಲಿ ಬಳಸುತ್ತಾರೆಂದು ಕಣ್ಣಾರೆ ಕಂಡಿದ್ದೇನೆ. ಆ ವಿಷಯ ಮುಂದೆ ಬರುತ್ತದೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಪ್ರದರ್ಶನದಲ್ಲಿ ಇದ್ದದ್ದು ಒಟ್ಟು ಏಳು ಚಿತ್ರ. ಹೆಬ್ಬಾಳದ ಕೆರೆ ಎರಡು, ರಾಗಿ ಹೊಲ ಮೂರು, ಎತ್ತು ಒಂದು. ಏಳನೆಯದು ಇದು. ಏರ್ಪಾಡು ಮಾಡಿದವರು ಯಶವಂತಪುರದಲ್ಲಿ ಅಂಗಡಿ ಬೋರ್ಡು ಬರೆಯುವ ದಸ್ತಗೀರ್ ಅವರು. ಯಾರೋ ಒಬ್ಬ ಮಹನೀಯರು ಚಿತ್ರ ನೋಡಿ, ಇದರಿಂದ ಯುವಕರಲ್ಲಿ ಕೆಟ್ಟ ಆಸೆ ಹುಟ್ಟುತ್ತದೆಂದು ದೂರು ಕೊಟ್ಟರು. ಆ ಮಹನೀಯರು ಯುವಕರಲ್ಲ. ಅವರಲ್ಲಿ ಏನು ಹುಟ್ಟಿತು ಎಂಬುದನ್ನು ದೂರಿನಲ್ಲಿ ನಮೂದಿಸಿಲ್ಲ. ಕಾನೂನಿನಂತೆ ಮಹಜರು ನಡೆಯಿತು. ನಿಮ್ಮ ಗುಮಾಸ್ತರು ಬರೆದುಕೊಂಡದ್ದು ಹೀಗೆ: "ಮೂರೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲದ ಬಟ್ಟೆಯ ಮೇಲೆ ಬತ್ತಲೆ ಹೆಂಗಸು ಒಂದು. ಮೈಬಣ್ಣ ಕೆಂಪು ಮತ್ತು ಹಸಿರು. ಮುಖ ಕಾಣುವುದಿಲ್ಲ. ವಯಸ್ಸು ತಿಳಿಯದು." ಬರೆಯುವಾಗ ಅವರಿಗೇ ಸಂದೇಹ ಬಂದು, ಸಾಕ್ಷಿಯಾಗಿ ನಿಂತಿದ್ದ ವಾಚನಾಲಯದ ಕಾವಲುಗಾರ ಬ್ಯಾಟರಾಯಪ್ಪನವರನ್ನು ಕೇಳಿದರು.

"ಏನಯ್ಯಾ, ಇದು ಹೆಂಗಸೇ ತಾನೆ?"

"ಎಂಗ್ಸೇ ಇರ್ಬೇಕು ಸ್ವಾಮಿ. ಗಂಡಸ್ರ ಬೆನ್ನು ಇಷ್ಟು ದಣಿಯಾಕಿಲ್ಲ."

ಈ ಮಾತನ್ನು ಮಹಜರಿನಲ್ಲಿ ಸೇರಿಸಲಿಲ್ಲ. ಆ ದಿನ ಅಲ್ಲಿ ಯಾರಾದರೂ ಚಿತ್ರವನ್ನು ನಿಜವಾಗಿ ನೋಡಿದ್ದರೆ ಅದು ಅವರೊಬ್ಬರೇ ಎಂದು ನನ್ನ ನಂಬಿಕೆ.

ಬೇಲೂರಿನ ಶಿಲಾಬಾಲಿಕೆಯರನ್ನು ನಾನಿಲ್ಲಿ ಸಾಕ್ಷಿಗೆ ಕರೆಯುವುದಿಲ್ಲ. ಇಂಥ ವಾದ ಎದ್ದಾಗಲೆಲ್ಲ ಯಾರಾದರೊಬ್ಬರು ಅವರನ್ನು ಕರೆಯುತ್ತಾರೆ. ಅವರಿಗೂ ಸಾಕಾಗಿರಬೇಕು. ನಾನು ಕೇಳುವುದು ಸಣ್ಣ ಸಂಗತಿ. ಚಿತ್ರದ ಮೂಲೆಯಲ್ಲಿ "ವೆಂ" ಎಂದಷ್ಟೇ ರುಜು ಇತ್ತು. ನಿಮ್ಮ ನೋಟೀಸು "ಶ್ರೀ ವೆಂ., ಚಿತ್ರಕಾರ" ಎಂದು ಆರಂಭವಾಗಿ, "ಸದರಿ ನಡತೆಗೆಟ್ಟ ಹೆಂಗಸು" ಎಂದು ಮುಂದುವರಿಯುತ್ತದೆ. ಬರೆದವನು ಗಂಡಸು, ಬರೆಸಿಕೊಂಡವಳು ನಡತೆಗೆಟ್ಟವಳು ಎಂಬುದನ್ನು ಯಾವ ವಿಚಾರಣೆಯಿಂದ ಕಂಡುಕೊಂಡಿರಿ? ದಸ್ತಗೀರ್ ಅವರನ್ನು ಎರಡು ಸಲ ಕರೆಸಿ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದಿರಿ. "ನಾನು ಬೋರ್ಡ್ ಬರೆಯೋನು ಸಾಬ್, ಇನ್ನೊಬ್ರ ಹೆಸರು ಬರೆಯೋನಲ್ಲ" ಎಂದರಂತೆ. ಎರಡು ದಿನ ಅವರ ಅಂಗಡಿ ಮುಚ್ಚಿತ್ತು.

ಈಗ ಚಿತ್ರದ ವಿಷಯ. ೧೯೬೨ರ ಆಷಾಢದಲ್ಲಿ ಈ ಊರಿನ ಒಬ್ಬ ಹೆಂಗಸಿಗೆ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ, ಸುಡು ನೀರು ಹೊಯ್ಯುವುದು ನಮ್ಮಲ್ಲಿ ಎಲ್ಲ ಜಾತಿಯವರಲ್ಲೂ ಇರುವ ಪದ್ಧತಿ. ಮಗುವೇ ಇಲ್ಲವೆಂದ ಮೇಲೆ ಬಾಣಂತನ ಎಲ್ಲಿಯದು, ನೋಡಿದವರು ಏನಂದಾರು ಎಂದು ಮನೆಯ ಹಿರಿಯರು ಹಂಡೆಗೆ ಉರಿ ಹಾಕಿಸಲಿಲ್ಲ. ನೀರು ಹೊಯ್ಯುವ ಮುನಿಯಲ್ಲಮ್ಮ ಮಾತ್ರ ಮಾರನೆಯ ಬೆಳಿಗ್ಗೆ ಬೇವಿನ ಸೊಪ್ಪು ಹಿಡಿದು ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

"ಕೂಸು ಓಯ್ತು ಅಂತ ಮೈಗೆ ಗೊತ್ತಾಯ್ತದಾ? ಅದ್ಕೆ ನೀರು ಬೇಕು. ಸರೀರಿ ಅತ್ಲಾಗೆ" ಎಂದು ಹಿರಿಯರನ್ನು ದಾಟಿಕೊಂಡು ಹೋಗಿ ತಾವೇ ಒಲೆ ಹಚ್ಚಿದರು. ಹನ್ನೊಂದು ದಿನ ಹೊಯ್ದರು. ಆ ಹೆಂಗಸು ಮಣೆಯ ಮೇಲೆ ಬೆನ್ನು ಬಗ್ಗಿಸಿ ಕುಳಿತಿರುತ್ತಿದ್ದಳು. ಎದೆಯಲ್ಲಿ ಹಾಲು ಕಟ್ಟಿತ್ತು, ಕುಡಿಯುವವರಿರಲಿಲ್ಲ. ಮುನಿಯಲ್ಲಮ್ಮ ಒಂದು ದಿನವೂ ಸಮಾಧಾನದ ಮಾತು ಆಡಲಿಲ್ಲ. ಚೊಂಬಿನ ಮೇಲೆ ಚೊಂಬು ಹೊಯ್ಯುತ್ತಾ, "ಬಗ್ಗು, ಇನ್ನೂ ಬಗ್ಗು" ಎನ್ನುತ್ತಿದ್ದರು, ಅಷ್ಟೆ.

ಚಿತ್ರದಲ್ಲಿರುವುದು ಇಷ್ಟೇ. ಕೆಂಪು ಬಣ್ಣ ನೀರಿನ ಕಾವಿನದು. ಹಸಿರು ಎಲ್ಲಿಂದ ಬಂತೆಂದು ನನ್ನನ್ನು ಕೇಳಿದರೆ ಸಾಕ್ಷ್ಯಸಮೇತ ಹೇಳಲಾರೆ. ಮನುಷ್ಯರ ಮೈ ಹಸಿರಾಗಿರುವುದಿಲ್ಲ ಎಂಬ ನಿಮ್ಮ ಗುಮಾಸ್ತರ ಆಕ್ಷೇಪಣೆ ನ್ಯಾಯವಾದದ್ದೇ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆದಾಗ ಅದು ಸುಳ್ಳಾಗಿ ಕಂಡಿತು. ಹಸಿರು ಬಳಿದ ಮೇಲೆ ಸರಿಹೋಯಿತು. ಇದಕ್ಕಿಂತ ಹೆಚ್ಚಿನ ವಿವರಣೆ ಇಲ್ಲ.

ಕಳೆದ ಮಂಗಳವಾರ ನಾನು ಎರಡನೆಯ ಅರ್ಜಿ ಕೊಡಲು ನಿಮ್ಮ ಕಚೇರಿಗೆ ಬಂದಿದ್ದೆ. ಶಾಲೆಯ ಟೀಚರು, ಕಲೆಯ ಪರವಾಗಿ ನಾಲ್ಕು ಮಾತು ಆಡಲು ಬಂದವಳು ಎಂದುಕೊಂಡು ಗುಮಾಸ್ತರು ಕುರ್ಚಿ ಕೊಟ್ಟರು. ಜೊತೆಗೆ ಬಂದಿದ್ದ ಮುನಿಯಲ್ಲಮ್ಮ ನಿಂತೇ ಇದ್ದರು. ಚಿತ್ರ ಬೀರುವಿನ ಪಕ್ಕದಲ್ಲಿತ್ತು. ಕಚೇರಿಯ ಮಾನ ಕಾಪಾಡಲು ಅದರ ಮೇಲೆ ದಿನಪತ್ರಿಕೆಯ ಹಾಳೆಗಳನ್ನು ಒತ್ತಿ ಮುಚ್ಚಿದ್ದರು. ಚಿತ್ರ ಬರೆದು ಮುಗಿದದ್ದು ಈಚೆಗೆ; ದಪ್ಪಗೆ ಬಳಿದ ಎಣ್ಣೆಬಣ್ಣ ಒಳಗೆ ಆರಲು ತಿಂಗಳುಗಳೇ ಬೇಕು. ಗುಮಾಸ್ತರು ಹಾಳೆ ಎತ್ತಿದಾಗ ಅರ್ಧ ಬಂತು, ಅರ್ಧ ಅಂಟಿಯೇ ಉಳಿಯಿತು. ನನ್ನ ತಂದೆ ಪತ್ರಿಕೆಯೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ನಾನು ಅಕ್ಷರ ಕಲಿತದ್ದೇ ದಿನಪತ್ರಿಕೆಯಲ್ಲಿ. ಆ ಬೆನ್ನಿನ ಮೇಲೆ ರಾಗಿ, ಬೆಲ್ಲದ ಧಾರಣೆ ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಮುನಿಯಲ್ಲಮ್ಮ ಹತ್ತಿರ ಹೋಗಿ ನೋಡಿದರು. ಅವರಿಗೆ ಓದು ಬಾರದು, ಚಿತ್ರಕಲೆಯೂ ತಿಳಿಯದು.

"ಇದು ನಮ್ ಟೀಚರಮ್ಮ ಅಲ್ವಾ" ಎಂದರು. "ಇಂಗೇ ಕುಂತಿರೋದು. ಇದು ನಾನ್ ನೀರು ಉಯ್ದಿದ್ ಬೆನ್ನು."

ಗುಮಾಸ್ತರ ಮುಖ ಕಪ್ಪಿಟ್ಟಿತು. "ಬಾಯಿ ಮುಚ್ಚಮ್ಮಾ ಸಾಕು. ಮರ್ಯಾದಸ್ಥರ ಬಗ್ಗೆ ಹಿಂಗೆಲ್ಲಾ ಮಾತಾಡ್ತೀಯಲ್ಲ" ಎಂದು ಗದರಿ, ನನ್ನ ಕಡೆ ತಿರುಗಿ, "ಕ್ಷಮಿಸ್ಬೇಕು ಟೀಚರ್, ತಿಳುವಳಿಕೆ ಇಲ್ಲದ ಜನ" ಎಂದರು.

ನಾನು ಕುರ್ಚಿಯ ಮೇಲೆ ಕುಳಿತೇ ಇದ್ದೆ.

ಹಿಂತಿರುಗುವಾಗ ನಮ್ಮ ಬಸ್ಸು ಬ್ಯಾಟರಾಯನಪುರ ದಾಟಿತು. ಆಮೇಲೆ ಮುನಿಯಲ್ಲಮ್ಮ ಕೇಳಿದರು: "ನಾನ್ ಸುಳ್ಳು ಯೋಳಿದ್ನಾ, ತಾಯಿ?"

ಮಾನ್ಯರೇ, ನೀವು ಮೂರು ವಾರದಿಂದ ಕೇಳುತ್ತಿರುವ ಪ್ರಶ್ನೆಗೆ ನಿಮ್ಮ ಕಚೇರಿಯಲ್ಲೇ ಸರಿಯಾದ ಉತ್ತರ ಸಿಕ್ಕಿತ್ತು. ಹೇಳಿದಾಕೆಯನ್ನು ಗದರಿಸಿ ಕಳಿಸಿದಿರಿ. ಅದರಲ್ಲಿ ನಿಮ್ಮಷ್ಟೇ ತಪ್ಪು ನನ್ನದೂ ಇದೆ. ನಮ್ಮ ಹೆಡ್ಮಿಸ್ಟ್ರೆಸ್ ಅವರಿಗೆ ಮೊದಲೇ ಅನುಮಾನವಿತ್ತು. "ಚಿತ್ರ ಇನ್ನೊಂದು ಬರ್ಕೋಬಹುದು ಕಣಮ್ಮಾ, ಕೆಲಸ ಇನ್ನೊಂದು ಸಿಗಲ್ಲ" ಎಂದಿದ್ದರು. ಅವರ ಮಾತಿನ ಎರಡನೆಯ ಅರ್ಧ ನಿಜ. ಮೊದಲರ್ಧ ನಿಜವಲ್ಲ. ಆ ಮಗುವಿಗೆ ನಾಮಕರಣವಾಗಲಿಲ್ಲ, ಫೋಟೋ ಇಲ್ಲ, ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲ. ಅದು ಬಂದು ಹೋದದ್ದಕ್ಕೆ ದಾಖಲೆ ಎಂದು ಇರುವುದು ಈ ಒಂದು ಬಟ್ಟೆ. ನನ್ನ ಯಜಮಾನರು ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಕೆಲಸದಲ್ಲಿದ್ದಾರೆ. ಈ ಪತ್ರವನ್ನು ಓದಿ, "ಹೆಸರು ಪೂರ್ತಿ ಬರಿ" ಎಂದರು.

ಹಾಗಾಗಿ ನೋಟೀಸಿನ ಕಲಮುಗಳಿಗೆ ಉತ್ತರ: ಹೆಂಗಸಿನ ಹೆಸರು, ವೆಂಕಟಲಕ್ಷ್ಮಮ್ಮ. ಚಿತ್ರಕಾರನ ಹೆಸರು, ಅದೇ; ಬೆನ್ನು ಕಂಡದ್ದು ಎರಡು ಕನ್ನಡಿಗಳಲ್ಲಿ. ಉದ್ಯೋಗ, ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಯಾರ ಪ್ರೇರಣೆಯಿಂದ ಬತ್ತಲಾದದ್ದು, ಸ್ನಾನಕ್ಕಾಗಿ.

ಇದೇ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಹಾಜರಾಗುತ್ತೇನೆ. ಚಿತ್ರವನ್ನು ನನ್ನ ಕೈಗೆ ಕೊಡಬೇಕು. ಅಂಟಿರುವ ಕಾಗದವನ್ನು ನಿಮ್ಮವರು ಕೀಳಬಾರದು, ಅದನ್ನು ನಾನೇ ನಿಧಾನವಾಗಿ ತೆಗೆಯುತ್ತೇನೆ. ದಸ್ತಗೀರ್ ಅವರನ್ನು ಇನ್ನು ಕರೆಸಕೂಡದು. ನನ್ನ ಗುರುತಿಗೆ ಸಾಕ್ಷಿ ಬೇಕಾದರೆ ಮುನಿಯಲ್ಲಮ್ಮ ಜೊತೆಯಲ್ಲಿ ಬರುತ್ತಾರೆ. ಅವರ ಹೇಳಿಕೆಯನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಬೇಕು. ಆ ಹೊತ್ತಿನಲ್ಲಿ ಕುರ್ಚಿಯ ಮೇಲೆ ಅವರು ಕೂರುತ್ತಾರೆ. ನಾನು ನಿಂತಿರುತ್ತೇನೆ.

ಇಂತಿ,
ಮಂಗಳವಾರವೇ ಬಾಯಿ ಬಿಡಬೇಕಾಗಿದ್ದ,
ವೆಂಕಟಲಕ್ಷ್ಮಮ್ಮ
(ಇವತ್ತಿನ ಮಟ್ಟಿಗೆ ಡ್ರಾಯಿಂಗ್ ಟೀಚರ್)