ನಾಲ್ಕನೆಯ ಜಾಗ

ಮನೀಶ್ ನಗರ, ನಾಗಪುರ
ಶನಿವಾರ, 14 ಜೂನ್ 2025

ಲೋಕಕ್ಕೆಲ್ಲ ಒಳಿತು ಕೋರುವ ನಮ್ಮನೆಯವರಿಗೆ, ಆ ಲೋಕದಲ್ಲಿ ಒಬ್ಬಳಾದ ಸತ್ಯಭಾಮಾ ಮಾಡುವ ನಮಸ್ಕಾರ.

ನಾನು ಕ್ಷೇಮ. ನೀವೂ ಕ್ಷೇಮವಾಗಿಯೇ ಇರುತ್ತೀರಿ. ಮಾತಿಲ್ಲ, ಫೋನಿಲ್ಲ, ಹೆಂಡತಿಯಿಲ್ಲ, ಇನ್ನೇನು ಬೇಕು? ನಿಮ್ಮ ಧ್ಯಾನದ ಶಿಬಿರ ನಾಳೆ ಮುಗಿಯುತ್ತದೆ. ಕರೆತರಲು ಕಾರು ತೆಗೆದುಕೊಂಡು ಬರುವ ನಿಮ್ಮ ಫ್ಯಾಕ್ಟರಿಯ ಗೆಳೆಯ ಉದಯ್ ಅವರ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ದಾರಿಯಲ್ಲೇ ಓದಿ. ಮನೆಗೆ ಬಂದ ಮೇಲೆ ಹೇಳಹೊರಟರೆ ನಾನು ಜಗಳಕ್ಕೆ ಇಳಿಯುತ್ತೇನೆ, ನೀವು ಧ್ಯಾನಕ್ಕೆ ಕೂರುತ್ತೀರಿ.

ಹೊರಡುವ ದಿನ ನಾನು ಅಂದದ್ದು ನೆನಪಿದೆಯಷ್ಟೆ? ನೀವು ತಿರುಗಿ ಬರೋದ್ರೊಳಗ ನಾ ಹುಬ್ಬಳ್ಳಿಗೆ, ತವರಮನಿಗೆ ಹೋಗಿರ್ತೀನಿ ಅಂದೆ. ನೀವು ಬೈಯಲಿಲ್ಲ, ತಡೆಯಲಿಲ್ಲ. ಮುಗುಳ್ನಕ್ಕು ಚೀಲ ಹೆಗಲಿಗೇರಿಸಿದಿರಿ. ಮೊದಲಿನ ವಾಮನರಾಯರಾಗಿದ್ದರೆ ಚೀಲ ಮೂಲೆಗೆ ಒಗೆದು, ಅದ್ಹೆಂಗ ಹೋಗ್ತಿ ನೋಡ್ತೀನಿ ಎಂದು ಕೂಗಾಡುತ್ತಿದ್ದರು. ನನಗೆ ಬೇಕಾಗಿದ್ದವರು ಅವರೇ. ಅವರು ಕಾಣಲಿಲ್ಲವೆಂದು ನಾಳೆ ಸಂಜೆಯ ರೈಲಿಗೆ ಟಿಕೆಟ್ ತೆಗೆಸಿದೆ.

ಹೊಟ್ಟೆಕಿಚ್ಚು ಎಂದೇ ಬರೆಯುತ್ತೇನೆ, ನನ್ನ ಹೆಸರಿಗೆ ಅದೇನೂ ಹೊಸದಲ್ಲ. ನೀವು ಬೌದ್ಧ ವಿಹಾರಕ್ಕೆ ಧ್ಯಾನಕ್ಕೆಂದು ಹೋಗತೊಡಗಿದಂದಿನಿಂದ ನಿಮ್ಮ ಕರುಣೆಯೆಲ್ಲ ಗೇಟಿನ ಆಚೆಗೇ ಹರಿಯುತ್ತಿದೆ. ಬೀದಿನಾಯಿಗಳಿಗೆ ಮಣ್ಣಿನ ಬೋಗುಣಿಯಲ್ಲಿ ನೀರು. ವಾಚ್‌ಮನ್‌ಗೆ ಸ್ವೆಟರ್, ಅದೂ ನಾನು ಹೆಣೆದದ್ದು. ದಿನವಿಡೀ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ ತೋಪಿನ ಗುಂಡು ತಯಾರು ಮಾಡಿಸಿ ಬಂದು, ಸಂಜೆ ಜಿರಲೆಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಡುತ್ತೀರಿ. ಎಲ್ಲವನ್ನೂ ಸಹಿಸಿದೆ. ಮೇಲಿನ ಮನೆಯ ರಮಾಳ ಗ್ಯಾಸ್ ಸಿಲಿಂಡರ್ ಮಾತ್ರ ಸಹಿಸಲಾಗಲಿಲ್ಲ. ಒಂಟಿ ಹೆಂಗಸು, ಬೆಳಗಾವಿ ಕಡೆಯವಳು, ಬ್ಯಾಂಕಿನ ಕೆಲಸ, ಸಂಜೆಯಾದರೂ ಇಸ್ತ್ರಿ ಮುರಿಯದ ಸೀರೆ. ಹೋದ ವರ್ಷದ ಬೇಸಿಗೆಯಲ್ಲಿ ಅವಳ ಕೂಲರ್‌ನ ನೀರು ನಮ್ಮ ಗ್ಯಾಲರಿಗೆ ಸುರಿದು ನನ್ನ ಸಂಡಿಗೆಯೆಲ್ಲ ಗಂಜಿಯಾದಾಗ ನೀವೇ ಮೇಲೆ ಹೋಗಿ ಇಡೀ ಬಿಲ್ಡಿಂಗ್ ಕೇಳುವಂತೆ ಜಗಳ ಮಾಡಿದ್ದಿರಿ. ಅದೇ ನೀವು ಈಗ ಅವಳ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತೀರಿ! ನಮ್ಮ ಮನೆಯದನ್ನು ಬಾಗಿಲಿನಿಂದ ಅಡಿಗೆಮನೆಯವರೆಗೆ ನಾನೇ ಉರುಳಿಸಿಕೊಳ್ಳುತ್ತೇನೆ.

ಹೋದ ಭಾನುವಾರ ಲಕ್ಷ್ಮೀ ನಗರದ ನಿಮ್ಮ ವಿಹಾರಕ್ಕೆ ಹೋದೆ. ಧ್ಯಾನಕ್ಕಲ್ಲ, ಪತ್ತೇದಾರಿಕೆಗೆ. ಅಲ್ಲಿ ಧ್ಯಾನ ಕಲಿಸುವ ಕುಮುದ್‌ತಾಯಿ ಹೊಸಬರನ್ನು ಕೂರಿಸಿಕೊಂಡು ಮೈತ್ರಿ ಭಾವನೆಯ ಕ್ರಮ ಹೇಳಿದರು. ಮೊದಲು ತನಗೆ ತಾನೇ ಒಳಿತು ಕೋರಿಕೊಳ್ಳುವುದು. ಎರಡನೆಯ ಜಾಗದಲ್ಲಿ ಆತ್ಮೀಯರೊಬ್ಬರು, ಮೂರನೆಯದರಲ್ಲಿ ಬೇಕೂ ಬೇಡವೂ ಅಲ್ಲದ ಒಬ್ಬರು, ನಾಲ್ಕನೆಯದರಲ್ಲಿ ಮನಸ್ಸು ಮುರಿದುಕೊಂಡವರು. ಕಡೆಗೆ ಅದೇ ಹಾರೈಕೆಯನ್ನು ಲೋಕಕ್ಕೆಲ್ಲ ಹರಡುವುದು. ಎರಡನೆಯ ಜಾಗ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಅಷ್ಟರಲ್ಲೇ ಅವರು, ಅಲ್ಲಿ ಗಂಡನನ್ನೋ ಹೆಂಡತಿಯನ್ನೋ ಕೂರಿಸಬಾರದು, ಮೋಹ ನುಸುಳುತ್ತದೆ, ಸ್ನೇಹಿತರೇ ಆಗಬೇಕು ಎಂದುಬಿಟ್ಟರು. ಹಾಗಾದರೆ ಹೆಂಡತಿ ಎಲ್ಲಿ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿಯೇಬಿಟ್ಟೆ. ಕಡೆಗೆ ಲೋಕದ ಜೊತೆ ನೀವೂ ಬರುತ್ತೀರಲ್ಲ ಎಂದು ಕುಮುದ್‌ತಾಯಿ ನಕ್ಕರು. ಅಂದರೆ ಆ ನಾಯಿ, ಜಿರಲೆಗಳ ಜೊತೆಗೆ.

ಗುರುವಾರ ಬಟ್ಟೆ ಒಣಹಾಕಲು ಟೆರೇಸಿಗೆ ಹೋಗುವಾಗ ರಮಾಳ ಬಾಗಿಲಲ್ಲಿ ಹಾಲಿನ ಪಾಕೀಟು ಬಿಸಿಲೇರಿದರೂ ಬಿದ್ದೇ ಇತ್ತು. ಬಡಿದೆ. ಜ್ವರದಲ್ಲಿ ಗೋಡೆ ಹಿಡಿದುಕೊಂಡು ಬಂದು ತೆರೆದಳು. ನನಗೆ ಕರುಣೆ ಉಕ್ಕಿತು ಎಂದುಕೊಳ್ಳಬೇಡಿ, ಅವಳ ಮನೆ ಒಳಗೆ ಹೇಗಿದೆ ಎಂದು ನೋಡಬೇಕಾಗಿತ್ತು. ಗಂಜಿ ಕಾಸಿಕೊಂಡು ಒಯ್ದೆ. ಕುಡಿದವಳು ತಾನಾಗಿಯೇ ಮಾತು ತೆಗೆದಳು. ವೈನಿ, ನಿಮ್ಮ ಯಜಮಾನ್ರು ಭಾಳ ಮಜಾದ ಮನಶ್ಯಾರ್ರಿ, ದಿನಾ ಮುಂಜಾನೆ ಧ್ಯಾನದಾಗ ನಾಲ್ಕನೇ ಜಾಗಾದಾಗ ನನ್ನ ಕುಂದ್ರಸ್ತಾರಂತ, ಹೊಸ್ತಿಲದಾಚೆ ನಿಂತು ಅವರೇ ಹೇಳಿದ್ರು ಅಂದಳು. ನಮ್ಮಾಕಿ ಸಂಡಗಿ ಹಾಳಾಗಿದ್ದಕ್ಕ ಅತ್ತಿದ್ಲು, ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಪೂರಾ ಹೋಗವಲ್ದು, ಅದಕ್ಕ ಸಿಲಿಂಡರ್ ಹೊರ್ತೀನಿ ಎಂದಿರಂತೆ. ಚಹಾ ಕೊಟ್ಟರೂ ಕುಡಿಯಲಿಲ್ಲವಂತೆ.

ಕೇಳಿ ಹಗುರಾದೆ. ಆದರೆ ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಉರಿ ಹತ್ತಿಕೊಂಡಿತು. ಸಿಟ್ಟಿಗಾದರೂ ಸರಿ, ದಿನಾ ಎದ್ದು ನೆನೆಯುವುದು ಅವಳನ್ನೇ ಅಲ್ಲವೇ? ಮುನಿಸಿಗೆ ಮನೆಯಲ್ಲೇ ನಾನಿರುವಾಗ ಆ ಜಾಗವೂ ಹೊರಗಿನವಳಿಗೇ ಹೋಗಬೇಕೆ?

ನಿನ್ನೆ ಬೆಳಿಗ್ಗೆ ನಿಮ್ಮ ಧ್ಯಾನದ ದಿಂಬಿನ ಮೇಲೆ ನಾನೇ ಕೂತೆ. ಎರಡನೆಯ ಜಾಗಕ್ಕೆ ಅಕ್ಕ ಬಂದಳು, ಮೂರಕ್ಕೆ ಹಾಲಿನವನು. ನಾಲ್ಕಕ್ಕೆ ರಮಾ ಬರಲಿ ಎಂದು ಕಾದೆ. ನನ್ನ ಕೈಯ ಗಂಜಿ ಕುಡಿದವಳ ಮೇಲೆ ಸಿಟ್ಟು ನಿಲ್ಲಲೇ ಇಲ್ಲ. ಬಂದು ಕೂತವರು ನೀವು, ಹೆಗಲಲ್ಲಿ ಚೀಲ, ಮುಖದಲ್ಲಿ ಅದೇ ಮುಗುಳ್ನಗೆ. ಎದೆ ಉರಿಯಿತು. ಹಲ್ಲು ಕಚ್ಚಿ, ಸುಖವಾಗಿರಲಿ ಎಂದೆ. ಇನ್ನೊಂದು ಸಲ, ಈ ಸಲ ಹಲ್ಲು ಕಚ್ಚದೆ. ಆಮೇಲೆ, ನಾನಿಲ್ಲದೆಯೂ ಸುಖವಾಗಿರಲಿ ಎಂದು ಹೇಳಿನೋಡಿದೆ. ಆಗಲಿಲ್ಲ, ಅಳು ಬಂತು.

ನಿಯಮವೆಂದಮೇಲೆ ಎರಡನೆಯ ಜಾಗ ನನಗೆ ಬೇಡ. ಆದರೆ ಲೋಕದ ಜೊತೆ ಸೇರಿಕೊಂಡು ಬರಲು ನನ್ನಿಂದಾಗದು. ನಾಳೆ ಒಂದೇ ಒಂದು ಸಲ ಕೂಗಾಡಿ, ಹೋಗಬ್ಯಾಡ ಅನ್ನಿ. ಅಷ್ಟಕ್ಕೆ ಯಾವ ಬುದ್ಧನೂ ಬೇಸರಪಟ್ಟುಕೊಳ್ಳುವುದಿಲ್ಲ.

ಯಾವ ಜಾಗಕ್ಕೂ ಸಲ್ಲದ ನಿಮ್ಮ
ಸತ್ಯಭಾಮಾ

ಒಂದು ಮಾತು ಮರೆತೆ. ಟಿಕೆಟ್ ಇನ್ನೂ ರದ್ದು ಮಾಡಿಸಿಲ್ಲ. ನಮ್ಮ ಮನೆಗೆ ಬೀಗ ಹಾಕಿರುತ್ತೇನೆ, ಕೀಲಿ ರಮಾಳ ಮನೆಯಲ್ಲಿದೆ, ನೀವೇ ಹೋಗಿ ತೆಗೆದುಕೊಳ್ಳಿ. ಅವಳಿಗಿನ್ನೂ ನಿಶ್ಶಕ್ತಿ, ಅಡಿಗೆ ಮಾಡಿಕೊಡಲು ನಾನೂ ಅಲ್ಲೇ ಇರುತ್ತೇನೆ. ಬಾಗಿಲು ತೆರೆದಾಗ ನೀವು ಮೊದಲು ಯಾರ ಕಡೆ ನೋಡುತ್ತೀರಿ ಎಂದು ನಾನು ನೋಡಬೇಕು.