ಸರ್ವಾನುಮತ ಅಲ್ಲ

ವಾಮಂಜೂರು
ಸೋಮವಾರ

ಅಧ್ಯಕ್ಷರಾದ ರತ್ನಾಕರಣ್ಣನವರಿಗೆ ನಳಿನಾಕ್ಷಿಯ ನಮಸ್ಕಾರ.

ವಾಮಂಜೂರಿನ ಭತ್ತದ ಗೋದಾಮನ್ನು ಕೆಡವಿ ಗೃಹಸಾಲದ ಕಚೇರಿ ಕಟ್ಟಲು ನಮ್ಮ ಸಹಕಾರಿ ಬ್ಯಾಂಕಿನ ಮಹಾಸಭೆ ಸರ್ವಾನುಮತದಿಂದ ಒಪ್ಪಿತು ಎಂದು ನೀವು ಪೇಪರಿಗೆ ಹೇಳಿದ್ದೀರಿ. ಅದು ಸುಳ್ಳು. ನಾನು ಎದ್ದು ನಿಂತು ಬೇಡ ಎಂದಿದ್ದೆ.

"ಕೊಯ್ದ ಭತ್ತ ಎಲ್ಲಿ ಇಡುವುದು?" ಎಂದು ಕೇಳಿದೆ. "ನಳಿನಕ್ಕ, ಈಗ ಗದ್ದೆ ಯಾರಿಗೆ ಉಂಟು ಮಾರಾಯ್ರೆ? ಊಟ ತಣಿಯುತ್ತದೆ, ಕೂತ್ಕೊಳ್ಳಿ" ಎಂದಿರಿ. ಸಭೆಯೆಲ್ಲ ನಕ್ಕಿತು. ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು. ಸಿಟ್ಟಿನಲ್ಲಿ ಉಣ್ಣದೆ ಬಸ್ಸು ಹತ್ತಿದೆ.

ನನಗೆ ಗದ್ದೆ ಉಂಟು. ನಮ್ಮ ಬೈಲಿನಲ್ಲಿ ಇನ್ನೂ ಹಲವರಿಗೆ ಉಂಟು. ಮುಂಬೈವರೆಗೆ ಶಾಖೆಗಳಿವೆ ಎಂದು ನೀವು ವೇದಿಕೆಯಲ್ಲಿ ಹೊಗಳಿಕೊಂಡ ಈ ಬ್ಯಾಂಕಿನ ಮೊದಲ ಬಂಡವಾಳ, ನಮ್ಮ ಹಿರಿಯರು ಪಾಲುಹಣದ ಬದಲಿಗೆ ತಲೆಹೊರೆಯಲ್ಲಿ ತಂದು ಸುರಿದ ಭತ್ತ. ಅದನ್ನು ಇಡಲಿಕ್ಕೇ ಆ ಗೋದಾಮು ಕಟ್ಟಿದ್ದು. ಕೆಡವಲು ಅದು ನಿಮ್ಮ ಸ್ವಂತದ್ದಲ್ಲ.

ಸಭೆಯ ನಡವಳಿಯಲ್ಲಿ ನನ್ನ ವಿರೋಧವನ್ನು ಬರೆಸಿ. ಮತ್ತೆ ವಿಶೇಷ ಮಹಾಸಭೆ ಕರೆಯಿರಿ. ಅಲ್ಲಿಯವರೆಗೆ ಗೋದಾಮಿನ ಒಂದು ಹಂಚನ್ನೂ ಮುಟ್ಟಬೇಡಿ. ನಿಯಮಕ್ಕೆ ಬೇಕಾದಷ್ಟು ಸದಸ್ಯರ ಸಹಿಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಮೊದಲ ಸಹಿ ನಿಮ್ಮ ಅಮ್ಮ ಸುಂದರಕ್ಕನದು. ನಾನು ಕೇಳಲು ಹೋಗಿರಲಿಲ್ಲ. ಪೇಪರು ನೋಡಿ ಅವರು ತಾವೇ ನಮ್ಮ ಮನೆಗೆ ನಡೆದು ಬಂದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಮನೆಯಲ್ಲಿ ಹೇಳಿದರೆ ಅವನು ಕೇಳುವುದಿಲ್ಲ. ಎಲ್ಲಿ ಸಹಿ ಹಾಕಬೇಕು, ತೋರಿಸು" ಎಂದರು.

ಇತಿ,
ನಮ್ಮ ಬ್ಯಾಂಕಿನ ಸದಸ್ಯೆ
ನಳಿನಾಕ್ಷಿ