ಆರು ಲಕ್ಷವೋ, ಮಿಲ್ಲೋ

ಮೂಡಿಗೆರೆ
೧೪-೮-೧೯೯೯, ಶನಿವಾರ

ಪ್ರೀತಿಯ ಶಶಿಧರನಿಗೆ ನಿನ್ನ ಅತ್ತಿಗೆ ರಂಗಮ್ಮನ ಆಶೀರ್ವಾದ.

ಜಬಲ್‌ಪುರದಲ್ಲಿ ಸೆಖೆ ಇಳಿಯಿತೇ? ಸೊಂಟದ ನೋವಿಗೆ ಮಿಲಿಟರಿ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಚಿಕ್ಕಂದಿನ ಹಾಗೆ ದಿಂಬಿನಡಿ ಬಚ್ಚಿಡುತ್ತಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ಸೋಮವಾರ ನಿನ್ನ ವಕೀಲರ ನೋಟೀಸು ಬಂದಾಗ ಮಾತ್ರ ಬಿ.ಪಿ. ಏರಿತ್ತು. ಈ ತಿಂಗಳೊಳಗೆ ನಿನ್ನ ಅರ್ಧ ಪಾಲು ಹನ್ನೊಂದು ಲಕ್ಷ ಕೊಡದಿದ್ದರೆ ಕೋರ್ಟಿಗೆ ಹೋಗಿ ನಮ್ಮ ಕಾಫಿ ಮಿಲ್ಲಿಗೆ ಬೀಗ ಹಾಕಿಸುತ್ತಾರಂತೆ. ನಿನಗೆ ಮೀಸೆ ಮೊಳೆಯುವ ಮುಂಚೆ ಈ ಮನೆಗೆ ಬಂದವಳು ನಾನು. ನನ್ನನ್ನು 'ಎದುರುದಾರರು' ಎಂದು ಕರೆಸಲು ಎಷ್ಟು ಫೀಸು ಕೊಟ್ಟೆ ಮಾರಾಯ? ಹೇಳಿದ್ದರೆ ಅದರ ಅರ್ಧಕ್ಕೆ ಇನ್ನೂ ಚೆನ್ನಾಗಿ ಬೈಸಿಕೊಡುತ್ತಿದ್ದೆ. ಫೋನಿನಲ್ಲೇ ಹೇಳಬಹುದಿತ್ತು; ಆದರೆ ಎಸ್‌ಟಿಡಿ ಬೂತಿನಲ್ಲಿ ಆಡಿದ ಮಾತು ನಾನು ಮನೆ ಸೇರುವ ಮೊದಲೇ ಬಸ್‌ಸ್ಟ್ಯಾಂಡು ಸೇರಿರುತ್ತದೆ.

ಆ ಹನ್ನೊಂದು ಲಕ್ಷ ಎಲ್ಲಿಂದ ಹುಟ್ಟಿತೆಂದು ಹೇಳುತ್ತೇನೆ. ಮಾರ್ಚಿನಲ್ಲಿ ನಾನು ಸಂಸೆಗೆ ಮದುವೆಗೆಂದು ಹೋಗಿದ್ದ ದಿನ ನಿನ್ನ ಹೆಂಡತಿ ಮೇಘಶ್ರೀ ಚಿಕ್ಕಮಗಳೂರಿನಿಂದ ಒಬ್ಬ ಆಡಿಟರನ್ನು ಕರೆತಂದಳು. ಗೋಡೌನಿನಲ್ಲಿ ಆರುನೂರು ಮೂಟೆ ಒಣಗಿದ ಕಾಫಿ ಚೆರಿ ಇತ್ತು. ಆತ ಎಣಿಸಿ, ಅಂದಿನ ಧಾರಣೆ ಕಟ್ಟಿ, ಒಂಬತ್ತು ಲಕ್ಷವನ್ನು ನಮ್ಮ ಆಸ್ತಿಗೆ ಸೇರಿಸಿದ. ಅಷ್ಟೂ ಬೆಳೆಗಾರರ ಮಾಲು! ನಾವು ಸಿಪ್ಪೆ ಬಿಡಿಸಿ ಕೂಲಿ ಪಡೆಯುವವರು, ಮೂಟೆಯ ಒಡೆಯರಲ್ಲ. ನಮ್ಮಲ್ಲಿ ಚೀಟಿ ಬರೆಯುವ ಪದ್ಧತಿಯಿಲ್ಲ. ಅವರವರ ಗುರುತನ್ನು ಮೂಟೆಗೆ ನೀಲಿ ಬಣ್ಣದಲ್ಲಿ ಬರೆದು ಇಳಿಸಿ ಹೋಗುತ್ತಾರೆ. ಚೀಟಿ ಕಾಣದೆ ಆಡಿಟರು ಎಲ್ಲ ನಮ್ಮದೇ ಅಂದುಕೊಂಡ. ಆಮೇಲೆ ನಾನು ಹೇಳಿದರೆ ಮೇಘಶ್ರೀ, 'ಅಕ್ಕಾ, ಸೀಲು ಹಾಕಿರೋ ಕಾಗದಾನೂ ಸುಳ್ಳು ಅಂತೀರಲ್ಲ!' ಅಂದಳು. ಹಾಗಾದರೆ ಬಸ್ಸಿನ ಬೆಲೆ ಕಟ್ಟುವಾಗ ಒಳಗೆ ಕೂತವರ ಟ್ರಂಕನ್ನೂ ಸೇರಿಸಮ್ಮ ಅಂದೆ. ಸಿಟ್ಟಾದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನೀನು ಪಿಂಚಣಿ ಪಡೆದು ಬಂದ ಮೇಲೆ ಹಾಸನದಲ್ಲಿ ಅಂಗಡಿ ಇಡಬೇಕೆಂಬ ಆಸೆ ಅವಳದು, ನ್ಯಾಯವಾದದ್ದೇ.

ಆತ ಕಟ್ಟಿದ ಇಪ್ಪತ್ತೆರಡರಲ್ಲಿ ಆ ಒಂಬತ್ತು ಕಳೆದರೆ ಇಡೀ ಮಿಲ್ಲಿಗೆ ಹದಿಮೂರು ಲಕ್ಷ ಉಳಿಯಿತು. ಅದರಲ್ಲೂ ವರ್ಷದ ಲಾಭ ನೋಡಿ ಆಡಿಟರು ಸೇರಿಸಿದ ಬೆಲೆ ಇದೆ. ಬೆಳೆಗಾರರು ಬೋರ್ಡಿಗೇ ಕಾಫಿ ಕೊಡಬೇಕೆಂಬ ಕಟ್ಟಳೆ ರದ್ದಾದ ವರ್ಷ, ನಿನ್ನ ಉಳಿತಾಯ, ನನ್ನ ಒಡವೆ ಸೇರಿಸಿ ಇದನ್ನು ಹಾಕಿದೆವು. ಆಗ ನಿಮ್ಮಣ್ಣ ತೀರಿಕೊಂಡು ಎರಡು ವರ್ಷ. ಅಂದಿನಿಂದ ಮಿಲ್ಲಿನ ರೈಟರೂ ನಾನೇ, ಮೇಸ್ತ್ರಿಯೂ ನಾನೇ, ಬೆಲ್ಟು ಹರಿದರೆ ಮೆಕ್ಯಾನಿಕ್ಕೂ ನಾನೇ. ಸಂಬಳ ಮಾತ್ರ ಒಬ್ಬರದೂ ಬರೆದುಕೊಂಡಿಲ್ಲ. ನಾಳೆ ಅಂಗಡಿ ಇಡುವವನು ನೀನು, ಇದೊಂದು ತಿಳಿದಿರಲಿ: ಗಲ್ಲಾದ ಮೇಲೆ ಕೂತವನ ಸಂಬಳ ಕಳೆಯದೆ ಉಳಿದದ್ದಕ್ಕೆ ಲಾಭ ಅನ್ನಬೇಡ. ಅದನ್ನು ಕಳೆದು ನಾನು ಹನ್ನೆರಡಕ್ಕೆ ನಿಂತೆ. ನಿನ್ನ ಅರ್ಧ ಆರು.

ನನ್ನ ಲೆಕ್ಕ ನೀನು ನಂಬುವುದಿಲ್ಲ, ನಿನ್ನದನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ನಮ್ಮ ಪಾಲುಪಟ್ಟಿಗಳನ್ನೆಲ್ಲ ಮಾಡಿಸಿದ ತಮ್ಮಯ್ಯನವರ ಹತ್ತಿರ ಹೋದೆ. ಹಿರಿಯರು ಪಾಲು ಮಾಡಬೇಕು, ಕಿರಿಯರು ಆರಿಸಬೇಕು ಎನ್ನುವುದು ನಮ್ಮಲ್ಲಿರುವ ಕ್ರಮವಲ್ಲವೇ. ಅವರು ನಕ್ಕರು. 'ಗದ್ದೆಯಾದ್ರೆ ಬದು ಹಾಕ್ಬಹುದಿತ್ತು. ಸಿಪ್ಪೆ ಬಿಡಿಸೋ ಹಲ್ಲರ್ ಮಿಷನ್ನಿಗೆ ಎಲ್ಲಿ ಬದು ಹಾಕ್ತಿ ರಂಗಮ್ಮ? ಬೆಲೆ ನೀನು ಹೇಳು. ದುಡ್ಡೋ ಮಿಲ್ಲೋ, ಅವ್ನು ಆರಿಸ್ಲಿ' ಅಂದರು. ಒಪ್ಪಿ ಬಂದೆ. ಒಪ್ಪಿದ ರಾತ್ರಿ ನಿದ್ದೆ ಬರಲಿಲ್ಲ. ಕಡಿಮೆ ಹೇಳಿದರೆ ಮಿಲ್ಲು ನಿನ್ನದಾಗುತ್ತದೆ, ಹೆಚ್ಚು ಹೇಳಿದರೆ ಕೊಡಲು ನನ್ನ ಕೈಲಾಗುವುದಿಲ್ಲ. ಬ್ಯಾಂಕಿನವರು ಆರು ಲಕ್ಷಕ್ಕಿಂತ ಒಂದು ಕಾಸೂ ಮೇಲೆ ಕೊಡುವುದಿಲ್ಲ ಅಂದಿದ್ದಾರೆ.

ಆದ್ದರಿಂದ ನನ್ನ ಮಾತು ಆರು ಲಕ್ಷ. ಅದನ್ನು ತೆಗೆದುಕೊಂಡು ಮಿಲ್ಲು ನನಗೆ ಬಿಡು. ಇಲ್ಲವೇ ಅಷ್ಟೇ ನನಗೆ ಕೊಟ್ಟು ಮಿಲ್ಲು ನೀನು ತಗೋ. ನಾನು ಬಯಸುವುದು ಯಾವುದೆಂದು ನಿನಗೆ ಗೊತ್ತು. ದುಡ್ಡು ಬ್ಯಾಂಕಿನಲ್ಲಿ ಮಲಗಿರುತ್ತದೆ. ಬೆಳಗಾದರೆ ನಾನೆಲ್ಲಿಗೆ ಹೋಗಲಿ? ಆದರೂ ಬೆಲೆ ಹೇಳಿದವಳು ನಾನು, ಆರಿಸಬೇಕಾದವನು ನೀನು. ವಕೀಲರಿಗೆ ಮಾತ್ರ ಸ್ವಲ್ಪ ತಡೆಯಲು ಹೇಳು.

ಮಾತ್ರೆ ತಪ್ಪಿಸಬೇಡ. ನಮ್ಮ ಜಗಳ ಏನೇ ಇರಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ರಂಗಮ್ಮ

ಮರೆತ ಮಾತಲ್ಲ, ಈಗ ಬಂದದ್ದು: ಅಂಟಿಸಿದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಮಂಗಳೂರಿನ ಎಕ್ಸ್‌ಪೋರ್ಟರ್ ಒಬ್ಬರ ಕಡೆಯ ಮನುಷ್ಯ ಮಧ್ಯಾಹ್ನ ಬಂದಿದ್ದ. ಮೂರು ಸೀಸನ್ನಿನ ಕೆಲಸ ನಮಗೇ ಕೊಡುತ್ತಾರಂತೆ, ಅಡ್ವಾನ್ಸು ಸಮೇತ. ಇದು ಕುದುರಿದರೆ ಅರ್ಧ ಪಾಲು ಆರಕ್ಕೆ ಅಗ್ಗ. ಕಾಳು ಆರಿಸುವ ಕೃಷ್ಣಮ್ಮ ಎಲ್ಲ ಕೇಳಿಸಿಕೊಂಡು, 'ಅಂಟ್ಸಿ ಆಗಿದ್ಯಲ್ಲಮ್ಮ, ಹಾಕ್ಬಿಡಿ' ಅಂದಳು. ಟಪಾಲು ಡಬ್ಬಿಯವರೆಗೂ ಹೋಗಿ ವಾಪಸು ಬಂದೆ. ಬೆಲೆ ಏರಿಸಿದರೆ ಕೊಡುವ ಶಕ್ತಿ ನನಗಿಲ್ಲ, ಹಾಗಾಗಿ ಆರೇ ಇರಲಿ. ಇದನ್ನು ತಿಳಿದುಕೊಂಡೇ ಆರಿಸು. ತಂತಿ ಕೊಡು. ತಿಂಗಳ ಕೊನೆಗೆ ಅವನು ಕರಾರು ಪತ್ರ ತರುತ್ತಾನೆ, ಮಾಲೀಕರ ಹೆಸರು ಯಾರದೆಂದು ಬರೆಸಲಿ?